ಹಂಡೆಯ ನೀರೂ ಮೆದುಳಿನ ವೈದ್ಯರೂ

ನಮ್ಮ ಬಚ್ಚಲುಮನೆಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಅಧ್ಯಾಯ ಮೀಸಲಾಗಿದೆ ಎಂದರೆ ನೀವು ನಗಬಹುದು. ಆದರೂ ಮಾತು ನಿಜ. ಮೆದುಳಿನ ರೋಗಗಳನ್ನು ಕುರಿತು ಪರದೇಶಗಳಲ್ಲಿ ಅಚ್ಚಾಗುವ ದೊಡ್ಡ ಗ್ರಂಥಗಳಲ್ಲಿ 'ಬಿಸಿನೀರಿನ ಮೂರ್ಛೆ' ಎಂಬ ವಿಚಿತ್ರವಾದ ವ್ಯಾಧಿಯ ಪ್ರಸ್ತಾಪ ಬಂದಾಗಲೆಲ್ಲ, ಅದರ ಜೊತೆಗೇ ದಕ್ಷಿಣ ಭಾರತದ ಹೆಸರು, ಅದರಲ್ಲಿಯೂ ಕರ್ನಾಟಕದ ಹೆಸರು ಬರುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಹೋಯಿತು, ಅದನ್ನು ಅಲ್ಲಿಗೆ ಮುಟ್ಟಿಸಿದ ವೈದ್ಯರು ಯಾರು, ಅವರ ವಿದ್ಯೆ ಪ್ರಯೋಗಶಾಲೆಯಿಂದ ಹಳ್ಳಿಯ ಜಗಲಿಗೆ ಹೇಗೆ ಇಳಿದು ಬಂತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಬಚ್ಚಲುಮನೆಯ ಮಾತು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳನ್ನೇ ತೆಗೆದುಕೊಳ್ಳಿ. ಮೂರೂ ಒಂದೇ ಜಿಲ್ಲೆಗೆ ಸೇರಿದವು. ಸ್ವಾತಂತ್ರ್ಯ ಬರುವ ಹೊತ್ತಿನವರೆಗೆ ಆ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಕಡೂರು ಬಯಲುಸೀಮೆ, ತೆಂಗಿನ ತೋಟ, ಕಡಿಮೆ ಮಳೆ. ತರೀಕೆರೆ ಮಲೆನಾಡಿನ ಹೊಸಿಲು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರ, ಅಮೃತಮಹಲ್ ದನಗಳಿಗೂ ಈರುಳ್ಳಿಗೂ ಹೆಸರಾದದ್ದು. ಮಣ್ಣು, ಮಳೆ, ಬೆಳೆಗಳಲ್ಲಿ ಇಷ್ಟು ಭೇದವಿದ್ದರೂ ಒಂದು ವಿಷಯದಲ್ಲಿ ಮೂರು ಊರಿನವರದೂ ಒಂದೇ ಸಂಪ್ರದಾಯ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಲೆಗೆ ಎಣ್ಣೆ ತಿಕ್ಕಿ, ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬು ಚೊಂಬಾಗಿ ನೆತ್ತಿಯ ಮೇಲೆ ಹೊಯ್ದುಕೊಳ್ಳುವುದು. ಮಕ್ಕಳನ್ನಾದರೆ ಹಿರಿಯರೇ ಕೂರಿಸಿಕೊಂಡು ಸೀಗೆಪುಡಿ ಹಚ್ಚಿ ಹೊಯ್ಯುತ್ತಾರೆ. ದೀಪಾವಳಿಯಲ್ಲಿ ಆ ಹಂಡೆಗೇ ಪೂಜೆ. ಅದಕ್ಕೆ ನೀರು ತುಂಬುವುದೇ ಒಂದು ಹಬ್ಬ. ಈಗ ಒಲೆಯ ಬದಲು ವಿದ್ಯುತ್ತಿನ, ಅನಿಲದ, ಬಿಸಿಲಿನ ಹೀಟರುಗಳು ಬಂದಿವೆ. ಆದರೆ 'ತಲೆಗೆ ನೀರು ಹಾಕಿಕೊಳ್ಳುವ' ಪದ್ಧತಿ ಹೋಗಿಲ್ಲ; ನೀರು ಸುಡುಸುಡುವಾಗಿದ್ದರೇ ಸ್ನಾನವಾದಂತೆ ಎಂಬ ಭಾವನೆಯೂ ಹೋಗಿಲ್ಲ.

ಈ ಸುಖದ ಸ್ನಾನದ ನಡುವೆ ಕೆಲವೇ ಕೆಲವು ಮಕ್ಕಳಿಗೆ ಒಂದು ವಿಪತ್ತು ಒದಗುತ್ತದೆ. ನಾಲ್ಕಾರು ಚೊಂಬು ನೀರು ತಲೆಯ ಮೇಲೆ ಬಿದ್ದೊಡನೆ ಹುಡುಗ ಒಂದೇ ಕಡೆ ದಿಟ್ಟಿಸತೊಡಗುತ್ತಾನೆ, ಕರೆದರೆ ಓಗೊಡುವುದಿಲ್ಲ, ಏನೇನೋ ಅಸಂಬದ್ಧವಾಗಿ ತೊದಲುತ್ತಾನೆ. ಕೆಲವರಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಮತ್ತೆ ಕೆಲವರು ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಬಚ್ಚಲ ಕಲ್ಲಿನ ಮೇಲೆ ಬಿದ್ದುಬಿಡುತ್ತಾರೆ. ಉಳಿದ ದಿನಗಳಲ್ಲಿ ಆ ಹುಡುಗ ಎಲ್ಲರಂತೆ ಆಡಿಕೊಂಡಿರುತ್ತಾನೆ. ಹೀಗಾದಾಗ ಮನೆಯವರು ಏನೆಂದುಕೊಳ್ಳಬೇಕು? ಬಚ್ಚಲಲ್ಲಿ ಗಾಳಿ ಸೋಕಿತು ಎಂದರು. ದೈವದ ಮುನಿಸು ಎಂದರು. ಹೋದ ಜನ್ಮದ ಕರ್ಮ ಎಂದರು. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು. ಅಜ್ಜಂಪುರದ ಸೀಮೆಯಲ್ಲಿ ಈರುಳ್ಳಿಗೇನೂ ಕೊರತೆಯಿಲ್ಲ. ಆದರೆ ಅದರಿಂದ ಮೂರ್ಛೆ ನಿಂತದ್ದಿಲ್ಲ. ಮೂರ್ಛೆ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಆ ಹೊತ್ತಿಗೆ ಕೈಯಲ್ಲಿದ್ದ ವಸ್ತುವಿಗೆ ಕೀರ್ತಿ ಬರುತ್ತಿತ್ತು, ಅಷ್ಟೆ.

ಮೂರ್ಛೆರೋಗ ಹೊಸದಲ್ಲ. ಚರಕ ಸಂಹಿತೆಯಲ್ಲಿ ಅಪಸ್ಮಾರವೆಂಬ ಹೆಸರಿನಿಂದ ಅದರ ವರ್ಣನೆ ಇದೆ. ಸ್ಮೃತಿ ತಪ್ಪುವುದರಿಂದ ಆ ಹೆಸರು. ಆದರೆ ಅದು ಮೆದುಳಿನ ವಿದ್ಯುತ್ತಿನ ತೊಡಕು ಎಂಬುದು ಕಣ್ಣಿಗೆ ಕಾಣುವಂತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ನಮ್ಮ ಮೆದುಳಿನ ಕೋಟಿ ಕೋಟಿ ನರಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ಮಾತಾಡುತ್ತಿರುತ್ತವೆ. ಸಂತೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವ್ಯಾಪಾರದ ಮಾತಾಡುತ್ತಿರುವಾಗ ಒಟ್ಟಿನಲ್ಲಿ ಒಂದು ಗುಜುಗುಜು ಕೇಳುತ್ತದೆಯಷ್ಟೆ? ಆರೋಗ್ಯವಂತ ಮೆದುಳಿನ ಸ್ಥಿತಿ ಅದು. ಇದ್ದಕ್ಕಿದ್ದಂತೆ ಸಂತೆಯ ಜನವೆಲ್ಲ ಒಂದೇ ತಾಳಕ್ಕೆ ಒಟ್ಟಿಗೆ ಕೂಗಿಕೊಂಡರೆ ಹೇಗೆ ವ್ಯವಹಾರವೆಲ್ಲ ನಿಂತುಹೋಗುವುದೋ, ಹಾಗೆ ನರಕೋಶಗಳ ಒಂದು ದೊಡ್ಡ ಗುಂಪು ಒಮ್ಮೆಗೇ ಸಂಕೇತ ಹೊರಡಿಸಿದಾಗ ಮೂರ್ಛೆ ಬರುತ್ತದೆ. ಈ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ಬರೆದುಕೊಳ್ಳುವ ವಿಧಾನವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದರು. ಔಷಧಿಗಳೂ ಒಂದೊಂದಾಗಿ ಬಂದಿದ್ದವು: 1912ರಲ್ಲಿ ಫೀನೋಬಾರ್ಬಿಟೋನ್, 1938ರಲ್ಲಿ ಫೆನಿಟಾಯಿನ್. ಎರಡೂ ಅಗ್ಗದ ಗುಳಿಗೆಗಳು. ಎರಡೂ ಇಂದಿಗೂ ಬಳಕೆಯಲ್ಲಿವೆ.

ಈ ವಿದ್ಯೆ ನಮ್ಮ ನಾಡಿಗೆ ಬಂದದ್ದು ಹೇಗೆ? ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಒಂದು ಹುಚ್ಚಾಸ್ಪತ್ರೆ ಇತ್ತು. ಹೆಸರು ಕೇಳಿದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟಿತು. 1954ರಲ್ಲಿ ಆ ಆಸ್ಪತ್ರೆಯ ಜೊತೆಗೇ ಕೇಂದ್ರ ಸರ್ಕಾರದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಮನಸ್ಸಿನ ವೈದ್ಯರ ಜೊತೆಗೆ ಮೆದುಳಿನ ವೈದ್ಯರೂ ಅಲ್ಲಿಗೆ ಬಂದರು. ಶಸ್ತ್ರವೈದ್ಯರಾಗಿ ಡಾಕ್ಟರ್ ಆರ್. ಎಂ. ವರ್ಮ, ನರರೋಗ ತಜ್ಞರಾಗಿ ಡಾಕ್ಟರ್ ಕೆ. ಎಸ್. ಮಣಿ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ನಾವೆಲ್ಲ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಮನಸ್ಸು, ಮೆದುಳು ಎರಡಕ್ಕೂ ಒಂದೇ ಸೂರಿನಡಿಯಲ್ಲಿ ಚಿಕಿತ್ಸೆ ಎಂಬ ಆ ಏರ್ಪಾಡು ಆಗ ನಮ್ಮ ದೇಶದಲ್ಲಿ ಅಪರೂಪದ್ದು. ದೂರದ ಊರುಗಳವರಿಗೂ ಆ ಬಾಗಿಲು ತೆರೆದಿತ್ತು. ಕಡೂರು, ಅಜ್ಜಂಪುರಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಮಾರ್ಗದಲ್ಲಿಯೇ ಇವೆ; ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಒಡೆಯುವ ಮಾರ್ಗದಲ್ಲಿದೆ. ಆದರೂ ಒಂದು ಗುಳಿಗೆಗಾಗಿ ಕೂಲಿ ಬಿಟ್ಟು, ಮಗುವನ್ನು ಕಟ್ಟಿಕೊಂಡು, ಬೆಂಗಳೂರಿಗೆ ತಿಂಗಳು ತಿಂಗಳೂ ಹೋಗಿಬರುವುದು ಬಡವರಿಗೆ ಸುಲಭದ ಮಾತಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಡಾಕ್ಟರ್ ಮಣಿಯವರ ವಿಶೇಷವೆಂದರೆ ರೋಗಿಯ ಮಾತನ್ನು ಅಲ್ಲಗಳೆಯದೆ ಕೇಳಿದ್ದು. 'ಸ್ನಾನ ಮಾಡುವಾಗ ಮಾತ್ರ ಹೀಗಾಗುತ್ತದೆ' ಎಂದು ತಾಯಂದಿರು ಹೇಳಿದ್ದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಅದಕ್ಕೆ ಮೊದಲು 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯರು ಇಂಥ ಒಬ್ಬ ಹುಡುಗನನ್ನು ವರ್ಣಿಸಿದ್ದರು. ಲೋಕದ ವೈದ್ಯರು ಅದನ್ನು ಒಂದು ಅಪೂರ್ವ ವೈಚಿತ್ರ್ಯವೆಂದಷ್ಟೇ ಬಗೆದಿದ್ದರು. ಮಣಿಯವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಬೆಂಗಳೂರಿನಿಂದ ತಮ್ಮ ಮೊದಲ ವರದಿಯನ್ನು ಪ್ರಕಟಿಸಿದರು. 1974ರ ಹೊತ್ತಿಗೆ ಅವರ ಲೆಕ್ಕದಲ್ಲಿ 108 ಮಂದಿ ರೋಗಿಗಳಿದ್ದರು. ಅಷ್ಟೋತ್ತರ ಶತ! ಬೇರೆ ದೇಶಗಳಲ್ಲಿ ಬೆರಳೆಣಿಕೆಯಷ್ಟು ಕಂಡದ್ದು ನಮ್ಮಲ್ಲಿ ನೂರರ ಮೇಲೆ ಸಿಕ್ಕಿತು. ಮುಂದೆ 1988ರಲ್ಲಿ ನಿಮ್ಹಾನ್ಸ್‌ನ ಡಾಕ್ಟರ್ ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ರೋಗ ಹೆಚ್ಚಾಗಿ ಬಾಲ್ಯದಲ್ಲಿ ತೋರುವುದು, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವುದು ಇವೆಲ್ಲ ಹೀಗೆ ಎಣಿಕೆಯಿಂದ ತಿಳಿದವು.

ಕಾರಣವೇನು? ಬಿಸಿನೀರು ಎಲ್ಲರಿಗೂ ಬಿಸಿಯೇ. ಎಲ್ಲರಿಗೂ ಮೂರ್ಛೆ ಬರುವುದಿಲ್ಲವಲ್ಲ? ಬಕೆಟ್ಟಿನಲ್ಲಿ 40ರಿಂದ 50 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಿರುವ ನೀರನ್ನು ಬಿಡುವಿಲ್ಲದೆ ನೆತ್ತಿಯ ಮೇಲೆ ಹೊಯ್ದಾಗ ತಲೆಯ ಉಷ್ಣತೆ ಬೇಗಬೇಗನೆ ಏರುತ್ತದೆ. ನಮ್ಮ ಮೆದುಳು ಆ ಏರಿಕೆಯನ್ನು ಸರಿದೂಗಿಸಿಕೊಳ್ಳುತ್ತದೆ. ಈ ರೋಗಿಗಳಲ್ಲಿ ಆ ಸರಿದೂಗಿಸುವ ಶಕ್ತಿ ಹುಟ್ಟಿನಿಂದಲೇ ತುಸು ಕುಂದಿರಬೇಕು ಎಂಬುದು ಸತೀಶ್ಚಂದ್ರರ ಅಭಿಪ್ರಾಯ. ಪ್ರಯೋಗಶಾಲೆಯಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ಅವರ ತಂಡ ಇದನ್ನು ಪರೀಕ್ಷಿಸಿತು. ಮೈಯ ಉಷ್ಣತೆ ಒಂದು ಮಿತಿ ದಾಟಿದೊಡನೆ ಇಲಿಗಳಿಗೂ ಮೂರ್ಛೆ ಬಂತು. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್‌ನೊಡನೆ ಕೂಡಿ, ಈ ರೋಗವಿದ್ದ ಮನೆತನಗಳ ರಕ್ತವನ್ನು ಪರೀಕ್ಷಿಸಿ, ನಮ್ಮ ವರ್ಣತಂತುಗಳ ಪೈಕಿ ನಾಲ್ಕನೆಯದರಲ್ಲಿಯೂ ಹತ್ತನೆಯದರಲ್ಲಿಯೂ ಇದಕ್ಕೆ ಸಂಬಂಧಿಸಿದ ಎಡೆಗಳಿವೆಯೆಂದು ತೋರಿಸಿತು. ಬಚ್ಚಲ ಗಾಳಿಯಿಂದ ಹೊರಟ ವಿಚಾರ ವರ್ಣತಂತುವಿಗೆ ಬಂದು ಮುಟ್ಟಲು ನಲವತ್ತು ವರ್ಷ ಹಿಡಿಯಿತು.

ಕಾರಣ ಇಷ್ಟು ಗಹನವಾದರೂ ಪರಿಹಾರ ಸರಳ. ನೀರಿನ ಬಿಸಿ ತಗ್ಗಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಮೈ ತೊಳೆದು, ತಲೆಗೆ ಸ್ವಲ್ಪ ಸ್ವಲ್ಪವಾಗಿ ಹಾಕಿಕೊಳ್ಳಬೇಕು. ಇಲ್ಲವೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಇದರಿಂದಲೇ ಅನೇಕರಿಗೆ ಮೂರ್ಛೆ ನಿಲ್ಲುತ್ತದೆ. ನಿಲ್ಲದಿದ್ದವರಿಗೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ ಕೊಡುವ ಪದ್ಧತಿ ಇದೆ. ಉದಾಸೀನ ಮಾತ್ರ ಸಲ್ಲದು. ಈ ರೋಗಿಗಳಲ್ಲಿ ಹಲವರಿಗೆ ಕೆಲವು ವರ್ಷಗಳ ತರುವಾಯ ಸ್ನಾನವಿಲ್ಲದಾಗಲೂ ಮೂರ್ಛೆ ಬರತೊಡಗುತ್ತದೆ. ಅಂಥವರು ದಿನವೂ ಔಷಧಿ ಸೇವಿಸಬೇಕಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಪಂಡಿತರ ಕಥೆಯಾಗುತ್ತಿತ್ತು. ಆದರೆ ಮಣಿಯವರಿಗೆ ಮತ್ತೊಂದು ಪ್ರಶ್ನೆ ಎದುರಾಯಿತು. ಆಸ್ಪತ್ರೆಗೆ ಬಂದವರನ್ನು ಎಣಿಸಿದ್ದಾಯಿತು, ಬಾರದವರೆಷ್ಟು ಮಂದಿ? ಹಿಂದೆ ಹೇಳಿದೆನಲ್ಲ, ರೈಲು ಇದ್ದರೂ ಬರಲಾಗದವರು, ನಾಲ್ಕು ಜನಕ್ಕೆ ಗೊತ್ತಾದೀತೆಂದು ಅಂಜಿ ಬಾರದವರು, ಅವರ ಗತಿಯೇನು? ಉತ್ತರ ಹುಡುಕಲು ಅವರು ಆರಿಸಿಕೊಂಡದ್ದು ಆಗ ಮೈಸೂರು ಜಿಲ್ಲೆಯಲ್ಲಿದ್ದು ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರನ್ನು. ಡಾಕ್ಟರ್ ಜಿ. ರಂಗನ್, ಡಾಕ್ಟರ್ ಎಚ್. ವಿ. ಶ್ರೀನಿವಾಸ ಮೊದಲಾದವರ ಜೊತೆಗೂಡಿ 1990-91ರಲ್ಲಿ ಮನೆಮನೆಯ ಸಮೀಕ್ಷೆ ನಡೆಸಿದರು. ಒಟ್ಟು 64,963 ಜನರ ವಿವರ ಸಂಗ್ರಹವಾಯಿತು. ಸಾವಿರಕ್ಕೆ ನಾಲ್ಕೂವರೆಗಿಂತ ಹೆಚ್ಚು ಮಂದಿಗೆ ಮೂರ್ಛೆರೋಗವಿತ್ತು. ಅವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿಯದು ಬಿಸಿನೀರಿನ ಮೂರ್ಛೆ. ಅಂದರೆ ಇದು ಆಸ್ಪತ್ರೆಗೆ ತಪ್ಪಿ ಬಂದ ವೈಚಿತ್ರ್ಯವಲ್ಲ, ಹಳ್ಳಿಯ ಬಚ್ಚಲಿನಲ್ಲಿ ನೆಲೆಯಾಗಿದ್ದ ರೋಗವೇ ಎಂಬುದು ಸ್ಥಿರಪಟ್ಟಿತು.

ಎಣಿಸಿಬಿಟ್ಟು ಅವರು ಊರು ಬಿಡಲಿಲ್ಲ. ಚಿಕಿತ್ಸೆಯಿಲ್ಲದೆ ಇದ್ದವರಿಗೆ ಆ ಹಳೆಯ ಅಗ್ಗದ ಗುಳಿಗೆಗಳನ್ನೇ, ಫೀನೋಬಾರ್ಬಿಟೋನ್ ಅಥವಾ ಫೆನಿಟಾಯಿನನ್ನು, ಊರಿನಲ್ಲಿಯೇ ದೊರಕಿಸಿ ವರ್ಷಗಟ್ಟಲೆ ಅವರನ್ನು ನೋಡಿಕೊಂಡರು. ಫಲಿತಾಂಶ 2001ರಲ್ಲಿ ಇಂಗ್ಲೆಂಡಿನ ಹೆಸರಾಂತ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಅದರ ಸಾರ ಇಷ್ಟು: ದುಬಾರಿ ಔಷಧಿ ಬೇಡ, ದೊಡ್ಡ ಆಸ್ಪತ್ರೆ ಬೇಡ, ಗುಳಿಗೆ ತಪ್ಪದೆ ಸಿಕ್ಕಿದರೆ ಹಳ್ಳಿಯ ರೋಗಿಗಳಲ್ಲಿ ಬಹಳ ಮಂದಿಗೆ ಮೂರ್ಛೆ ಹತೋಟಿಗೆ ಬರುತ್ತದೆ. ಮತ್ತೊಂದು ಮಾತು: ಚಿಕಿತ್ಸೆಗೆ ಮುಂಚೆ ಎಷ್ಟು ಕಡಿಮೆ ಸಲ ಮೂರ್ಛೆ ಬಂದಿತ್ತೋ ಅಷ್ಟು ಚೆನ್ನಾಗಿ ಗುಣ ಕಂಡಿತು. ಮುಚ್ಚಿಟ್ಟ ಒಂದೊಂದು ವರ್ಷಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ಇದೇ ಕಾಲದಲ್ಲಿ ನಿಮ್ಹಾನ್ಸ್‌ನ ಡಾಕ್ಟರ್ ಎಂ. ಗೌರಿದೇವಿ, ಡಾಕ್ಟರ್ ಜಿ. ಗುರುರಾಜ್, ಸತೀಶ್ಚಂದ್ರ ಮೊದಲಾದವರು ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ಕೈಗೊಂಡರು. ನಗರದಲ್ಲಿ ಸಾವಿರಕ್ಕೆ ಸುಮಾರು ಆರು ಮಂದಿಗೆ ಮೂರ್ಛೆರೋಗವಿದ್ದರೆ ಹಳ್ಳಿಗಳಲ್ಲಿ ಸುಮಾರು ಹನ್ನೆರಡು ಮಂದಿಗೆ ಇತ್ತು. ಈ ಲೆಕ್ಕ ಬೆಂಗಳೂರಿನ ಆಸುಪಾಸಿನದು, ಕಡೂರು ಸೀಮೆಯದಲ್ಲ. ಆದರೂ ನಿಮ್ಮ ಊರನ್ನು ಮನಸ್ಸಿನಲ್ಲಿ ತಂದುಕೊಂಡು ಯೋಚಿಸಿ. ಸಾವಿರ ಜನರ ಹಳ್ಳಿಯೊಂದರಲ್ಲಿ ಇಂಥ ಐದಾರು ಮಂದಿಯಾದರೂ ಇರಬಹುದು. ಅವರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ಗೊತ್ತಿಲ್ಲವೆಂದರೆ ಅವರಿಲ್ಲವೆಂದು ಅರ್ಥವಲ್ಲ.

ಏಕೆ ಮುಚ್ಚಿಡುತ್ತಾರೆ ಎಂಬುದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿಯೂ ಇತ್ತು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಂದ ತಿದ್ದುಪಡಿಯಲ್ಲಿ, ಪದೇಪದೇ ಬರುವ ಹುಚ್ಚಿನ ಜೊತೆಗೆ ಪದೇಪದೇ ಬರುವ ಮೂರ್ಛೆಯನ್ನೂ ವಿವಾಹಕ್ಕೆ ಅಡ್ಡಿಯೆಂದು ಸೇರಿಸಲಾಗಿತ್ತು. ಆ ಕಾರಣದಿಂದ ಮದುವೆಯನ್ನು ರದ್ದುಮಾಡಿಸಲು ಅವಕಾಶವಿತ್ತು. ದಿನಕ್ಕೆ ಒಂದೆರಡು ಗುಳಿಗೆ ನುಂಗಿ ಎಲ್ಲರಂತೆ ಬಾಳಬಲ್ಲ ಹೆಣ್ಣುಮಗಳು ತವರಿಗೆ ಮರಳಬೇಕಾದೀತೆಂಬ ಭಯಕ್ಕೆ ಗುಳಿಗೆಯ ಚೀಟಿಯನ್ನೇ ಬಚ್ಚಿಡುವ ಸಂದರ್ಭ ಅದು. ಮಣಿಯವರು ಕಟ್ಟಲು ನೆರವಾಗಿ ಬೆಳೆಸಿದ ಭಾರತೀಯ ಅಪಸ್ಮಾರ ಸಂಘ ಈ ಮಾತನ್ನು ಕಾನೂನಿನಿಂದ ತೆಗೆಸಲು ಹೋರಾಡಿತು. 1999ರ ತಿದ್ದುಪಡಿಯಲ್ಲಿ ಮೂರ್ಛೆಯೆಂಬ ಪದ ಅಲ್ಲಿಂದ ಹೋಯಿತು. ಒಂದು ಪದ ಹೋದದ್ದು ಅಷ್ಟೇನು ದೊಡ್ಡದೆಂದು ನಿಮಗೆ ಅನ್ನಿಸಬಹುದು. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕೇಳಿ ನೋಡಿ. ಕಾನೂನಿನಿಂದ ಹೋದದ್ದು ಜನರ ಮನಸ್ಸಿನಿಂದ ಇನ್ನೂ ಪೂರ್ತಿ ಹೋಗಿಲ್ಲ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಮೆದುಳಿನ ಸಂಶೋಧನೆಯೆಂದರೆ ನಮಗೆ ದೊಡ್ಡ ಯಂತ್ರಗಳು, ಸೂಕ್ಷ್ಮದರ್ಶಕಗಳು ಕಣ್ಣಮುಂದೆ ಬರುತ್ತವೆ. ಅವೂ ಬೇಕು. ಆದರೆ ಕರ್ನಾಟಕದ ಈ ಸಂಶೋಧನೆ ಹುಟ್ಟಿದ್ದು 'ಯಾವಾಗ ಬರುತ್ತದೆ ತಾಯಿ?' ಎಂಬಂಥ ಒಂದು ಸಾದಾ ಪ್ರಶ್ನೆಯಿಂದ. ಬೆಳೆದದ್ದು ಅದೇ ಪ್ರಶ್ನೆಯನ್ನು ಸಾವಿರಾರು ಮನೆಗಳ ಬಾಗಿಲಲ್ಲಿ ಕೇಳಿದ್ದರಿಂದ. ಸಂಶೋಧನೆ ಬೇರೆ, ಸೇವೆ ಬೇರೆ ಎಂದು ಮಣಿಯವರು ವಿಭಾಗಿಸಲಿಲ್ಲ. ಹಳ್ಳಿಗೆ ಹೋಗದಿದ್ದರೆ ರೋಗದ ನಿಜಸ್ವರೂಪ ಅವರಿಗೆ ತಿಳಿಯುತ್ತಿರಲಿಲ್ಲ. ಅದರ ಸ್ವರೂಪ ತಿಳಿಯದಿದ್ದರೆ ಹಳ್ಳಿಗೆ ಕೊಡಲು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಇನ್ನು ಉಳಿದದ್ದು ನಿಮ್ಮ ಪಾಲಿನ ಕೆಲಸ. ಯಾರಿಗಾದರೂ ಮೂರ್ಛೆ ಬಂದಾಗ ಗಾಬರಿಯಾಗಬೇಡಿ. ಕಲ್ಲು, ಒಲೆ, ನೀರುಗಳಿಂದ ದೂರಕ್ಕೆ ಸರಿಸಿ ಒಂದು ಮಗ್ಗುಲಿಗೆ ಮಲಗಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕುತ್ತಿಗೆಯ ಬಳಿ ಬಿಗಿದ ಬಟ್ಟೆ ಸಡಿಲಿಸಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗನೆ ನಿಂತರೂ ಮರುದಿನ ವೈದ್ಯರನ್ನು ಕಾಣಲು ಮರೆಯಬೇಡಿ. ಮೂರ್ಛೆ ಬಂದಾಗ ಏನು ಮಾಡುತ್ತಿದ್ದ, ಮೊದಲು ಏನಾಯಿತು ಎಂಬುದನ್ನು ಕಂಡವರೇ ಹೋಗಿ ಹೇಳಿ. ಯಂತ್ರ ಹೇಳಲಾರದ್ದನ್ನು ಆ ಮಾತು ಹೇಳುತ್ತದೆ. ಕೊಟ್ಟ ಗುಳಿಗೆಯನ್ನು ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ಬರುವ ಶನಿವಾರ ನಿಮ್ಮ ಮನೆಯಲ್ಲಿ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕಳಿಸುವಾಗ, ಹಂಡೆಯ ನೀರಾಗಲಿ ಹೀಟರಿನ ನೀರಾಗಲಿ, ಒಮ್ಮೆ ನಿಮ್ಮ ಮೊಣಕೈ ಅದ್ದಿ ನೋಡಿ. ಹಿತವೆನಿಸಿದರೆ ಹೊಯ್ಯಿರಿ, ಚುರುಕೆಂದರೆ ಎರಡು ಚೊಂಬು ತಣ್ಣೀರು ಬೆರಸಿರಿ.